ಗುಂಡಿಗೆ ಗಟ್ಟಿಯಿದ್ದರೆ ಸಾಕೇ?

ಹದಿನೈದು ಇಪ್ಪತ್ತು ವರ್ಷ ಗಡಿಯಲ್ಲಿ ಬಂದೂಕು ಹಿಡಿದ ಜವಾನ ಊರಿಗೆ ಬಂದು ಗಿರಣಿಯ ಗೇಟಿನಲ್ಲೋ ಬ್ಯಾಂಕಿನ ಬಾಗಿಲಲ್ಲೋ ಕಾವಲು ನಿಲ್ಲುತ್ತಾನೆ. ಹಗಲು ಸಲಾಮು, ರಾತ್ರಿ ನಿದ್ದೆಯಿಲ್ಲ. ಪಟಾಕಿಯ ಸದ್ದಿಗೆ ಬೆಚ್ಚುತ್ತಾನೆ. ದವಾಖಾನೆಗೆ ನಡೆ ಎಂದರೆ 'ನನಗೇನು ಹುಚ್ಚೇ?' ಎನ್ನುತ್ತಾನೆ. ಇದಕ್ಕೆ ದೊಡ್ಡವರು ಕಂಡುಕೊಂಡ ಮದ್ದು ಮನೋಸ್ಥೈರ್ಯದ ತರಬೇತಿ. ಉಸಿರು ಎಳೆದು ಬಿಡು, ಒಳ್ಳೆಯದನ್ನೇ ನೆನೆ, ಎದೆ ಗಟ್ಟಿ ಮಾಡಿಕೋ!

ಧೈರ್ಯದ ಮಾತಿಗೆ ನಾವು ವಿರೋಧಿಗಳಲ್ಲ. ಆದರೆ ಫಲವೇನು? ಅಮೆರಿಕದ ಸೈನ್ಯ 2009ರಲ್ಲಿ ಇಂಥ ಪಾಠವನ್ನು ದೊಡ್ಡ ಖರ್ಚಿನಲ್ಲಿ ಆರಂಭಿಸಿತು. ಸೈನ್ಯದ ಇಂಥ ಅನೇಕ ಕಾರ್ಯಕ್ರಮಗಳಿಗೆ ಸಾಕಷ್ಟು ಪುರಾವೆಯಿಲ್ಲವೆಂದು 2014ರಲ್ಲಿ ಆ ದೇಶದ ವೈದ್ಯತಜ್ಞರ ಸಮಿತಿಯೇ ಹೇಳಿತು. ಗಟ್ಟಿಯಾಗಿರುವುದನ್ನಷ್ಟೇ ಕಲಿತವನು ಕುಸಿದ ದಿನ ತಪ್ಪು ತನ್ನದೇ ಎಂದುಕೊಂಡು ಇನ್ನಷ್ಟು ಬಾಯಿ ಮುಚ್ಚುತ್ತಾನೆ.

ಈ ಮೌನ ಹೇಡಿತನವಲ್ಲ, ಹೊಟ್ಟೆಪಾಡಿನ ಲೆಕ್ಕ. ನಮ್ಮ ಸೈನ್ಯ ಜವಾನನ ಆರೋಗ್ಯವನ್ನು ಐದು ಅಕ್ಷರಗಳಲ್ಲಿ ಅಳೆಯುತ್ತದೆ, ಮೊದಲನೆಯದೇ ಮನಸ್ಸಿನದು. ಅಲ್ಲಿ ದರ್ಜೆ ಇಳಿದರೆ ಬಡ್ತಿಗೆ ಕಲ್ಲು ಬೀಳುತ್ತದೆ. ಕೆಮ್ಮು ಎಂದರೆ ಕೂಲಿ ಹೋದೀತೆಂದು ಹತ್ತಿಯ ಧೂಳು ನುಂಗುವ ಜಿನ್ನಿಂಗ್ ಕಾರ್ಮಿಕನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

2022ರ ಅಗ್ನಿಪಥ ಯೋಜನೆ ಈ ಗಾಯಕ್ಕೆ ಉಪ್ಪು ಸವರಿತು. ನಾಲ್ಕು ವರ್ಷ ದುಡಿಸಿ, ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಉಳಿಸಿಕೊಂಡು, ಮಿಕ್ಕವರನ್ನು ಪಿಂಚಣಿಯಿಲ್ಲದೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲದೆ ಮನೆಗೆ ಕಳಿಸುವ ಕರಾರು ಅದು. ಇವರ ನಿದ್ದೆಗೆ ಹೊಣೆ ಯಾರು?

ದಾರಿ ಇಲ್ಲವೆನ್ನಬೇಡಿ. ಬಳ್ಳಾರಿ ಜಿಲ್ಲೆಯಲ್ಲೇ 1985ರಿಂದ ನಿಮ್ಹಾನ್ಸ್ ಹಳ್ಳಿ ದವಾಖಾನೆಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಚಿಕಿತ್ಸೆ ಕಲಿಸಿ ತೋರಿಸಿತು. 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. 2022ರಲ್ಲಿ ಟೆಲಿ ಮಾನಸ್ ಬಂತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. 2023ರ ಡಿಸೆಂಬರಿನಲ್ಲಿ ಸೈನಿಕರಿಗೆಂದೇ ಪುಣೆಯಲ್ಲಿ ಒಂದು ವಿಭಾಗ ತೆರೆಯಿತು. ಒಳ್ಳೆಯದೇ. ಆದರೆ ಫೋನು ಮಾತ್ರೆ ಕೊಡುವುದಿಲ್ಲ, ಬಡ್ತಿಯ ಭಯವನ್ನೂ ಕಳೆಯುವುದಿಲ್ಲ.

ನಾವು ಕೇಳುವುದು ಮೂರೇ. ನೆರವು ಕೇಳಿದ್ದಕ್ಕಾಗಿ ಯಾವ ಜವಾನನ ಬಡ್ತಿಯೂ, ಯಾವ ಮಾಜಿ ಸೈನಿಕನ ಕೆಲಸವೂ ತಪ್ಪಕೂಡದು. ಹೊರಬಂದ ಅಗ್ನಿವೀರನಿಗೂ ಬಾಳಿನುದ್ದ ಚಿಕಿತ್ಸೆ ಸಿಗಬೇಕು. ಶಹಾಪುರ, ಸುರಪುರ, ಭೀಮರಾಯನಗುಡಿಗಳಲ್ಲಿ ಮನಸ್ಸಿನ ವೈದ್ಯವೂ ಔಷಧಿಯೂ ತಪ್ಪದೆ ದೊರೆಯಬೇಕು. ಕೃಷ್ಣೆಯ ನೀರನ್ನು ಕಾಲುವೆ ತೋಡಿ ಹೊಲಕ್ಕೆ ತಂದ ಸರ್ಕಾರಕ್ಕೆ ಇದು ಅಸಾಧ್ಯವೇ?

ಕಾರ್ಮಿಕ ಬಂಧುಗಳೇ, ಅಂಗಡಿಕಾರ ಮಿತ್ರರೇ, ನಮ್ಮ ಪಾಲಿನ ಕೆಲಸವೂ ಉಂಟು. ಗೇಟಿನ ಕಾವಲುಗಾರನನ್ನು ಹುಚ್ಚನೆಂದು ನಗುವುದನ್ನು ಬಿಡೋಣ. ಜೊತೆಗೆ ನಡೆದು ದವಾಖಾನೆ ಮುಟ್ಟಿಸೋಣ. ನಮ್ಮ ನಿದ್ದೆ ಕಾದವನ ನಿದ್ದೆಯನ್ನು ನಾವಲ್ಲದೆ ಇನ್ನಾರು ಕಾಯಬೇಕು?