‘ಹಸಿರು’ ಎಂದರೆ ಸಾಕೇ, ಪುರಾವೆ ಬೇಡವೇ?

ಸೋಪು, ಬಟ್ಟೆ, ಗೋಡೆಯ ಬಣ್ಣ, ಬಾಟಲಿ ನೀರು… ಇಂದು ಏನೇ ಕೊಂಡರೂ ಮೇಲೊಂದು ಎಲೆಯ ಚಿತ್ರ, ಪಕ್ಕದಲ್ಲಿ ‘ಪರಿಸರಸ್ನೇಹಿ’ ಎಂಬ ಮಾತು. ನಮ್ಮೂರ ಇಳಕಲ್ ಸೀರೆಗೂ ಆನ್‌ಲೈನ್‌ನಲ್ಲಿ ‘ಪೂರ್ತಿ ನೈಸರ್ಗಿಕ’ ಎಂಬ ಹಣೆಪಟ್ಟಿ ಹಚ್ಚಿ ಮಾರುವುದನ್ನು ನೋಡಿದ್ದೇನೆ. ನೈಸರ್ಗಿಕವಾದದ್ದು ನೂಲೋ, ಬಣ್ಣವೋ, ಪ್ಯಾಕಿಂಗೋ? ಅದನ್ನು ಮಾತ್ರ ಬರೆದಿರಲಿಲ್ಲ.

ಹೀಗೆ ಹಸಿರಿನ ಹೆಸರಲ್ಲಿ ಗ್ರಾಹಕರ ದಾರಿ ತಪ್ಪಿಸುವುದಕ್ಕೆ ‘ಗ್ರೀನ್‌ವಾಷಿಂಗ್’ ಎನ್ನುತ್ತಾರೆ. ಇದನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ‘ಹಸಿರು’, ‘ಪರಿಸರಸ್ನೇಹಿ’, ‘ನೈಸರ್ಗಿಕ’, ‘ಸಾವಯವ’ದಂಥ ಪದಗಳನ್ನು ವಿವರಣೆ, ಆಧಾರಗಳಿಲ್ಲದೆ ಬಳಸುವಂತಿಲ್ಲ. ಹೇಳಿಕೆ ಇಡೀ ವಸ್ತುವಿಗೆ ಸಂಬಂಧಿಸಿದ್ದೋ, ತಯಾರಿಕೆಗೋ, ಪೊಟ್ಟಣಕ್ಕೋ ಎಂಬುದು ಸ್ಪಷ್ಟವಿರಬೇಕು. ಪುರಾವೆಯ ವಿವರ ಜಾಹೀರಾತಿನಲ್ಲೇ ಇರಬೇಕು, ಇಲ್ಲವೇ ಕ್ಯೂಆರ್ ಕೋಡ್ ಅಥವಾ ವೆಬ್‌ ವಿಳಾಸದ ಮೂಲಕ ಸಿಗಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ವಸ್ತುವಿನ ಪರ ಪ್ರಚಾರ ಮಾಡುವವರಿಗೂ ಇದು ತಪ್ಪಿದ್ದಲ್ಲ. ರೀಲ್ಸ್ ಮಾಡಿ ನಾಲ್ಕು ಕಾಸು ಗಳಿಸುವ ನಮ್ಮ ವಯಸ್ಸಿನವರು ಇದನ್ನು ನೆನಪಿಡಬೇಕು.

ಈ ನಿಯಮವನ್ನು ನಮ್ಮ ಸೀರೆಗೇ ಹಿಡಿದು ನೋಡೋಣ. ಕೈಮಗ್ಗಕ್ಕೆ ವಿದ್ಯುತ್ ಬೇಡ. ಇದು ಯಾರು ಬೇಕಾದರೂ ಬಂದು ಕಣ್ಣಾರೆ ನೋಡಬಹುದಾದ ಸತ್ಯ. ಆದರೆ ಒಡಲು ಹತ್ತಿಯದಾದರೂ ಅಂಚು, ಸೆರಗಿಗೆ ರೇಷ್ಮೆಯ ಬದಲು ಚಮಕಾ, ಅಂದರೆ ಕೃತಕ ರೇಷ್ಮೆ ಹಾಕಿರಬಹುದು. ಬಣ್ಣ ರಾಸಾಯನಿಕದ್ದಾಗಿರಬಹುದು. ಪವರ್‌ಲೂಮ್‌ನಲ್ಲಿ ನೇಯ್ದ ಸೀರೆಯೂ ಅದೇ ಹೆಸರಲ್ಲಿ ಮಾರಾಟವಾಗುತ್ತದೆ. ಎಲ್ಲಕ್ಕೂ ‘ನೈಸರ್ಗಿಕ’ ಎಂಬ ಒಂದೇ ಚೀಟಿ ಅಂಟಿಸಿದರೆ ಕೊಳ್ಳುವವರಷ್ಟೇ ಅಲ್ಲ, ದಿನವಿಡೀ ಮಗ್ಗದ ಗುಂಡಿಯಲ್ಲಿ ಕೂತು ಕೊಂಡಿ ಹಾಕಿ ಸೆರಗು ಜೋಡಿಸುವ ನೇಕಾರನೂ ಮೋಸ ಹೋಗುತ್ತಾನೆ. ಅವನ ಬೆಲೆಯನ್ನು ಸುಳ್ಳು ಚೀಟಿ ಕಸಿಯುತ್ತದೆ.

ನನ್ನ ಆತಂಕ ಇರುವುದು ಇಲ್ಲೇ. ದೊಡ್ಡ ಕಂಪನಿಗೆ ಲ್ಯಾಬ್ ವರದಿ, ಕ್ಯೂಆರ್ ಕೋಡ್ ಕಷ್ಟವೇನಲ್ಲ. ಮನೆಯಲ್ಲಿ ಒಂದೆರಡು ಮಗ್ಗ ಇಟ್ಟುಕೊಂಡವರು ಆ ಖರ್ಚನ್ನು ಎಲ್ಲಿಂದ ತರಬೇಕು? ನಿಜ ಹೇಳುವವರ ಬಳಿ ಕಾಗದವಿಲ್ಲ, ಕಾಗದ ಇದ್ದವರೆಲ್ಲ ನಿಜ ಹೇಳುತ್ತಾರೆಂದೂ ಇಲ್ಲ. ಇಳಕಲ್ ಸೀರೆಗೆ ಜಿಐ ಮಾನ್ಯತೆಯಿದೆ, ಕೈಮಗ್ಗದ ಬಟ್ಟೆಗೆ ‘ಹ್ಯಾಂಡ್‌ಲೂಮ್ ಮಾರ್ಕ್’ ಇದೆ. ಆದರೆ ಜಿಐ ಹೇಳುವುದು ಊರನ್ನು, ಮಾರ್ಕ್ ಹೇಳುವುದು ಮಗ್ಗವನ್ನು. ಬಣ್ಣ ಯಾವುದೆಂದು ಎರಡೂ ಹೇಳವು. ನೂಲು, ಬಣ್ಣಗಳ ಪರೀಕ್ಷೆಯ ಹೊಣೆಯನ್ನು ಜವಳಿ ಇಲಾಖೆ ಮತ್ತು ನೇಕಾರರ ಸಹಕಾರ ಸಂಘಗಳು ಹೊರಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ‘ನೈಸರ್ಗಿಕ’ ಎಂದು ಕಂಡಾಗ ಯಾವುದು, ಹೇಗೆ ಎಂದು ಮಾರುವವರನ್ನು ಕೇಳೋಣ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇನ್ನು ಮೊಬೈಲ್ ಕೆಲಸ ಬಲ್ಲ ಪದವೀಧರರು ಓಣಿಯ ನೇಕಾರರಿಗೆ ಒಂದು ಚೀಟಿ ಬರೆದುಕೊಡಲಿ: ಒಡಲು ಹತ್ತಿ, ಸೆರಗು ಚಮಕಾ, ಬಣ್ಣ ರಾಸಾಯನಿಕ, ನೇಯ್ದದ್ದು ಕೈಮಗ್ಗದಲ್ಲಿ. ಇಷ್ಟು ಬರೆದ ಸೀರೆಯನ್ನು ನಾನಂತೂ ಧೈರ್ಯವಾಗಿ ಕೊಳ್ಳುತ್ತೇನೆ.