ಕನ್ಹೇರಿಯ ಛಾಯಾಚಿತ್ರಗಳಲ್ಲಿ ಕಾಣದ ವಸತಿ

ದಹಿಸರ್ ನದಿಯು ತುಳಸಿ ಸರೋವರದ ಕಡೆಯಿಂದ ಹೊರಟು, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡನ್ನು ಹಾದು ದಹಿಸರ್ ಬಡಾವಣೆಗೆ ಇಳಿಯುತ್ತದೆ. ಆ ಕಾಡಿನ ಗರ್ಭದಲ್ಲಿಯೇ ಕನ್ಹೇರಿಯ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳಿವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೆಗೆದ ಈ ಗುಹೆಗಳ ಛಾಯಾಚಿತ್ರಗಳನ್ನು ವಿದ್ವಾಂಸರು ಇಂದಿಗೂ ನಂಬಲರ್ಹ ದಾಖಲೆಗಳೆಂದೇ ಬಳಸುತ್ತಾರೆ. ಆ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸಬೇಕಾಗಿದೆ.

ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಹುಟ್ಟಿದ್ದು 1854ರಲ್ಲಿ. ಮರುವರ್ಷವೇ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಪಶ್ಚಿಮ ಭಾರತದ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ಸರಕಾರ ನೇಮಿಸಿತು. ಬಿಗ್ಸ್, ಪಿಗೌ, ನೀಲ್ ಇವರ ಚಿತ್ರಗಳಿಂದಲೇ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥ 1866ರಲ್ಲಿ ಸಿದ್ಧವಾಯಿತು. ಅದಕ್ಕೆ ಬರೆದವರು ಮೆಡೋಸ್ ಟೇಲರ್ ಮತ್ತು ಫರ್ಗುಸನ್. ಕನ್ನಡ ನಾಡಿನ ಗುಡಿಗಳೂ ಸಾಷ್ಟಿಯ ಗುಹೆಗಳೂ ಹೀಗೆ ಒಂದೇ ದೃಷ್ಟಿಗೆ ಒಳಗಾದವು.

ಆ ಕಾಲದ ಕ್ಯಾಮರಾಕ್ಕೆ ಹೇರಳ ಬೆಳಕು ಬೇಕಿತ್ತು. ಚೈತ್ಯದ ಮೊಗಸಾಲೆ, ಅಲ್ಲಿ ನಿಂತ ಬೃಹತ್ ಬುದ್ಧಮೂರ್ತಿಗಳು, ಅಂಗಳದ ಕಂಬಗಳು ಅದಕ್ಕೆ ಸುಲಭವಾಗಿ ಒಲಿದವು. ಭಿಕ್ಷು ಮಲಗುತ್ತಿದ್ದ ಕಲ್ಲಿನ ಜಗಲಿ, ಕತ್ತಲೆಯ ಕೋಣೆ ಒಲಿಯಲಿಲ್ಲ. ತಾಂತ್ರಿಕ ಮಿತಿಯೊಂದು ಕ್ರಮೇಣ ಅಭಿರುಚಿಯಾಗಿ, ಕೊನೆಗೆ ಸಿದ್ಧಾಂತವೇ ಆಯಿತು. ಫರ್ಗುಸನ್ ಮತ್ತು ಬರ್ಜೆಸ್ 1880ರಲ್ಲಿ ಪ್ರಕಟಿಸಿದ ಮಹಾಗ್ರಂಥ ಶೀರ್ಷಿಕೆಯಲ್ಲೇ ಇವನ್ನೆಲ್ಲ ಗುಹಾದೇವಾಲಯಗಳೆಂದು ಕರೆಯಿತು. ಕನ್ಹೇರಿಯ ಬಹುಪಾಲು ಗುಹೆಗಳು ದೇವಾಲಯಗಳಲ್ಲ, ಮನೆಗಳು. ಮಳೆನೀರನ್ನು ಹಿಡಿದಿಡುವ ತೊಟ್ಟಿ ಪ್ರತಿ ಬಾಗಿಲ ಬಳಿಯೂ ಇರುವಂತೆ ಕೊರೆದ ಒಂದು ಊರು ಅದು. ಆ ಯುಗದ ಚಿತ್ರಗಳಲ್ಲಿ ಕಂಬದ ಪಕ್ಕ ಅಳತೆಗೋಲಿನಂತೆ ನಿಲ್ಲಿಸಿದ ಸ್ಥಳೀಯನಿಗೂ ಸಾಮಾನ್ಯವಾಗಿ ಹೆಸರಿರುವುದಿಲ್ಲ. ವಾಸಿಸುವವರನ್ನು ಕಳೆದು ವಾಸ್ತುವನ್ನು ಉಳಿಸಿಕೊಳ್ಳುವ ಈ ಕ್ರಮವನ್ನು ನಿಷ್ಪಕ್ಷಪಾತವೆನ್ನುವುದು ಕಷ್ಟ.

ಕನ್ನಡ ವಿದ್ಯಾರ್ಥಿಗೆ ಇದು ದೂರದ ಮಾತಲ್ಲ. 'ಕವಿರಾಜಮಾರ್ಗ'ದೊಡನೆ ಹೆಸರು ಬೆಸೆದುಕೊಂಡಿರುವ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಉಲ್ಲೇಖಿಸುವ ಮೂರು ಸಂಸ್ಕೃತ ಶಾಸನಗಳು ಕನ್ಹೇರಿಯಲ್ಲಿವೆ: ಶಕ 765, 775 ಮತ್ತು 799, ಅಂದರೆ ಸುಮಾರು ಕ್ರಿ.ಶ. 843ರಿಂದ 878ರವರೆಗೆ. ಆಗ ಕೊಂಕಣವನ್ನು ಆಳುತ್ತಿದ್ದವರು ರಾಷ್ಟ್ರಕೂಟರ ಸಾಮಂತರಾದ ಶಿಲಾಹಾರರು. ಒಂದು ಶಾಸನದಲ್ಲಿ ಗೌಡದೇಶದಿಂದ ಬಂದ ಬೌದ್ಧ ಉಪಾಸಕನೊಬ್ಬ ಧ್ಯಾನಕ್ಕೆ ತಕ್ಕ ಕೋಣೆಗಳನ್ನೂ ಭಿಕ್ಷುಗಳ ಬಟ್ಟೆಗೆ ದತ್ತಿಯನ್ನೂ ಒದಗಿಸುತ್ತಾನೆ. ಇನ್ನೊಂದರಲ್ಲಿ ವಿಹಾರದ ಜೀರ್ಣೋದ್ಧಾರ, ಚೀವರ, ಪುಸ್ತಕ ಇವುಗಳ ವೆಚ್ಚದ ಮಾತಿದೆ. ಛಾಯಾಚಿತ್ರ ಬರಿದು ಮಾಡಿದ ಕೋಣೆಯನ್ನು ಶಾಸನ ಮತ್ತೆ ತುಂಬುತ್ತದೆ. ಬಂಗಾಲದ ಬೌದ್ಧನಿಗೂ ಮಾನ್ಯಖೇಟದ ಅರಸನಿಗೂ ಈ ಬೆಟ್ಟದಲ್ಲಿ ಭೇಟಿಯಾಗಿರುವುದು ಕೇವಲ ರಾಜಕೀಯ ಇತಿಹಾಸದ ಅಡಿಟಿಪ್ಪಣಿಯೆ? ನೃಪತುಂಗನನ್ನು ಕುರಿತ ನಮ್ಮ ಚರ್ಚೆ ಗ್ರಂಥಕರ್ತೃತ್ವದ ಸುತ್ತಲೇ ಸುತ್ತುತ್ತಿರುವುದರಿಂದ ಇಂಥ ಪ್ರಶ್ನೆಗಳು ಹಿಂದೆ ಬಿದ್ದಿವೆ.

ದಹಿಸರಿಗೆ ಇನ್ನೂ ಹತ್ತಿರವಿರುವ ಮಂಡಪೇಶ್ವರದ ಶೈವ ಗುಹೆಯ ಗತಿ ಬೇರೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಇಗರ್ಜಿಯಾಗಿಸಿದರು. ಗೋಡೆಯಲ್ಲಿ ಕೊರೆದ ಶಿಲುಬೆ ಈಗಲೂ ಇದೆ. ಅಲ್ಲಿನ ಚಿತ್ರ ನೋಡುವವನು ಯಾವ ಕಾಲದ ಗುಹೆಯನ್ನು ನೋಡುತ್ತಿದ್ದಾನೆಂದು ಮೊದಲು ಕೇಳಿಕೊಳ್ಳಬೇಕು.

ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಇಂಥ ಚಿತ್ರಗಳ ಶೀರ್ಷಿಕೆಗಳನ್ನು ಶಾಸನಪಾಠಗಳ ಪಕ್ಕದಲ್ಲಿಟ್ಟು ಕನ್ನಡದಲ್ಲಿ ಪಟ್ಟಿ ಮಾಡುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ಗುಹೆಗಳನ್ನು ಕಣ್ಣಾರೆ ಕಾಣಲು ಮುಂಬಯಿಯವರಿಗಂತೂ ಬೋರಿವಲಿ ನಿಲ್ದಾಣದಲ್ಲಿ ಇಳಿದರೆ ಸಾಕು.