ದೇವರು ನಿಜವಾದರೆ ಜಗತ್ತೂ ನಿಜವೇ?

13ನೇ ಶತಮಾನ. ಕುಂಬಳೆಯ ಅರಸ ಜಯಸಿಂಹನ ಸೀಮೆ. ಕಾಸರಗೋಡಿಗೆ ತಾಗಿದ ಕೂಡ್ಲಿನಲ್ಲಿ ಮಧ್ವಾಚಾರ್ಯರಿಗೂ ಜಗತ್ತು ಮಿಥ್ಯೆ ಎನ್ನುವ ಅದ್ವೈತದ ಹೆಸರಾಂತ ವಿದ್ವಾಂಸ ತ್ರಿವಿಕ್ರಮ ಪಂಡಿತರಿಗೂ ದಿನಗಟ್ಟಲೆ ವಾದ ನಡೆಯಿತು. ಕೊನೆಗೆ ಪಂಡಿತರು ಮಧ್ವರ ಶಿಷ್ಯರಾದರು. ಈ ಕಥೆಯನ್ನು ‘ಸುಮಧ್ವವಿಜಯ’ದಲ್ಲಿ ಬರೆದವರು ಪಂಡಿತರ ಮಗ ನಾರಾಯಣ ಪಂಡಿತಾಚಾರ್ಯರು. ಅದು ಗೆದ್ದ ಪಕ್ಷದ ದಾಖಲೆ; ಆದ್ದರಿಂದ ಎರಡೂ ಕಡೆಯ ಮಾತನ್ನು ಮತ್ತೊಮ್ಮೆ ಕೇಳುವುದು ನ್ಯಾಯ.

ಪರ

ಮಧ್ವಮತದ ಉತ್ತರ: ಖಂಡಿತ ನಿಜ. ದೋಷವಿಲ್ಲದ ಇಂದ್ರಿಯ ತಿಳಿಸಿದ್ದನ್ನು ಅಲ್ಲಗಳೆಯಲು ಅದಕ್ಕಿಂತ ಬಲವಾದ ಪ್ರಮಾಣ ಬೇಕು. ಹಗ್ಗವನ್ನು ಹಾವೆಂದು ಬೆದರಿದವನು ಹಿಂದೆ ನಿಜವಾದ ಹಾವನ್ನು ಕಂಡಿರಲೇಬೇಕು. ಇಡೀ ಜಗತ್ತೇ ಅಂಥ ಭ್ರಮೆಯಾದರೆ, ಅದಕ್ಕೆ ಮಾದರಿಯಾದ ಇನ್ನೊಂದು ನಿಜ ಜಗತ್ತು ಎಲ್ಲಿದೆ? ದೇವರು ಸ್ವತಂತ್ರ, ಉಳಿದುದೆಲ್ಲ ಪರತಂತ್ರ. ಆದರೆ ಪರತಂತ್ರವಾದದ್ದು ಸುಳ್ಳಲ್ಲ. ಸೃಷ್ಟಿಯೇ ಸುಳ್ಳಾದರೆ ಸೃಷ್ಟಿಕರ್ತನ ಮಹಿಮೆಗೆ ಏನು ಉಳಿಯಿತು?

ವಿರೋಧ

ವಾದದಲ್ಲಿ ಸೋತರೂ ಅದ್ವೈತ ಕಾಸರಗೋಡು ಜಿಲ್ಲೆ ಬಿಟ್ಟು ಹೋಗಲಿಲ್ಲ. ತೋಟಕಾಚಾರ್ಯ ಪರಂಪರೆಯ ಎಡನೀರು ಮಠ ಇಲ್ಲೇ ಇದೆ. ಅದರ ಪೀಠಾಧಿಪತಿಯಾಗಿದ್ದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಜಗತ್ತು ಮಿಥ್ಯೆ ಎನ್ನುವವರಿಗೆ ಜಮೀನಿನ ಮೊಕದ್ದಮೆ ಏಕೆ ಎಂದು ಕೇಳಿದರೆ ಅದ್ವೈತವನ್ನು ಅರ್ಧವೇ ಓದಿದಂತೆ. ಮೊಲದ ಕೊಂಬು ಯಾರಿಗೂ ಕಾಣದು, ಜಗತ್ತು ಕಾಣುತ್ತದೆ. ಹಾಗಾಗಿ ಅದು ಪೂರಾ ಇಲ್ಲದ್ದಲ್ಲ. ವ್ಯವಹಾರದಲ್ಲಿ ಗದ್ದೆ, ಹಸಿವು, ಕಾನೂನು ಎಲ್ಲವೂ ಸತ್ಯ. ಬ್ರಹ್ಮಜ್ಞಾನವಾದಾಗ ಮಾತ್ರ ಆ ಸತ್ಯ ಬಾಧಿತವಾಗುತ್ತದೆ, ಎಂದರೆ ಕೊನೆಯ ಸತ್ಯವಲ್ಲವೆಂದು ತಿಳಿಯುತ್ತದೆ. ಎಚ್ಚರವಾಗುವ ತನಕ ಕನಸೂ ಗಟ್ಟಿಯೇ ಅಲ್ಲವೇ? ಹಾವಿನ ಭ್ರಮೆಗೂ ಹಿಂದಿನ ಅನುಭವದ ಸಂಸ್ಕಾರ ಸಾಕು, ಆ ಅನುಭವ ನಿಜವಸ್ತುವಿನದೇ ಆಗಿರಬೇಕೆಂದಿಲ್ಲ.

ಇಷ್ಟೆಲ್ಲ ತರ್ಕ ಹೂಡಿದ ಇವೆರಡೂ ಮತಗಳು ದೇವರನ್ನು ತರ್ಕದಿಂದಲೇ ಸಾಧಿಸಲು ಹೊರಡಲಿಲ್ಲ. ಆ ಕೆಲಸಕ್ಕೆ ಕೈಹಾಕಿದವನು ‘ನ್ಯಾಯಕುಸುಮಾಂಜಲಿ’ ಬರೆದ ತಾರ್ಕಿಕ ಉದಯನ: ಮಡಕೆಗೆ ಕುಂಬಾರನಿದ್ದಂತೆ ಜಗತ್ತಿಗೂ ಕರ್ತನಿರಬೇಕು. ಆದರೆ ಕುಂಬಾರನಿಗೆ ದೇಹವುಂಟು, ದಣಿವುಂಟು. ಅದೇ ತರ್ಕ ದೇವರಿಗೂ ಇವನ್ನು ಅಂಟಿಸುತ್ತದೆ. ಹಾಗಾಗಿ ದೇವರ ವಿಷಯದಲ್ಲಿ ಶಾಸ್ತ್ರವೇ ಪ್ರಮಾಣ ಎಂದು ಅದ್ವೈತದ ಶಂಕರರೂ ಮಧ್ವರೂ ನಿಂತರು. ಕೂಡ್ಲಿನ ವಾದದಲ್ಲಿ ಪಣಕ್ಕಿದ್ದದ್ದು ದೇವರಲ್ಲ; ಈ ಮಣ್ಣು, ಈ ಮೈ. ಅಲ್ಲಿ ಮಧ್ವರ ಪಟ್ಟು ಬಿಗಿಯಾಗಿದೆ. ಕನಸಿನ ಪ್ರಶ್ನೆ ಮಾತ್ರ ಇನ್ನೂ ಚುಚ್ಚುತ್ತದೆ.

ಶಿಷ್ಯರಾದ ಮೇಲೂ ಪಂಡಿತರು ಕೇಳುವುದನ್ನು ಬಿಡಲಿಲ್ಲ. ಗುರುಗಳ ಬ್ರಹ್ಮಸೂತ್ರಭಾಷ್ಯಕ್ಕೆ ‘ತತ್ತ್ವಪ್ರದೀಪ’ ಎಂಬ ವ್ಯಾಖ್ಯಾನ ಬರೆದರು, ಇನ್ನೂ ವಿಸ್ತಾರವಾದ ಗ್ರಂಥ ಬೇಕೆಂದು ಗುರುಗಳನ್ನೇ ಕೋರಿದರು. ಮಧ್ವರು ‘ಅನುವ್ಯಾಖ್ಯಾನ’ ರಚಿಸಿದ್ದು ಆ ಕೋರಿಕೆಯಿಂದ ಎನ್ನುತ್ತದೆ ‘ಸುಮಧ್ವವಿಜಯ’.